ಚಳಿಗಾಲದ ಆರಂಭದಲ್ಲಿ ಚಿಂಚೋಳಿ ಕಾಡಿನ ಕಾಲುದಾರಿಗಳು ಮತ್ತು ನೆಲದ ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ತೊಗರಿ ಹೊಲಗಳು ಹಳದಿ ಹೂವಿನಿಂದ ತುಂಬುವ ಹೊತ್ತಿಗೆ ಕಲಬುರಗಿ, ಬೀದರ್, ಹುಮನಾಬಾದ್ ಕಡೆಗಳಿಂದ ಚಿಂಚೋಳಿಯ ಕಾಡಿಗೆ ನಡೆಯಲು ಬರುವವರು ಹೆಚ್ಚುತ್ತಾರೆ. ಬಿಸಿಲು ಹಿತವಾಗಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಎಲೆಯೂ ಪೂರ್ತಿ ಉದುರಿರುವುದಿಲ್ಲ. ಆದರೆ ಮಳೆಗಾಲದಲ್ಲಿ ನೆನೆದ ನೆಲ ಮೇಲಿನಿಂದ ಕೆಳಗೆ ನಿಧಾನವಾಗಿ ಒಣಗಿ ಗಟ್ಟಿಯಾಗುವ ಕಾಲವೂ ಇದೇ ಆಗಿದೆ. ಈ ಆರೆಂಟು ವಾರಗಳಲ್ಲಿ ನಾವು ಎಲ್ಲಿ ಕಾಲಿಡುತ್ತೇವೆ ಎಂಬುದರ ಮೇಲೆ ಮುಂದಿನ ಮುಂಗಾರಿನ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ನಿಂತಿದೆ. ಹಲವು ವರ್ಷಗಳಿಂದ ಈ ದಾರಿಗಳಲ್ಲಿ ನಡೆಯುತ್ತಿರುವ ನನಗೆ ಹೊಸಬರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನವೆಂಬರ್ ಮತ್ತು ಡಿಸೆಂಬರ್ ತಿಂಗಳಲ್ಲಿ ದಾರಿಗಳು ಯಾವ ಸ್ಥಿತಿಯಲ್ಲಿರುತ್ತವೆ?

ಒಂದೇ ದಾರಿಯಲ್ಲಿ ಮೂರು ಬಗೆಯ ನೆಲ ಸಿಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಕುಂಚಾವರಂ ಕಡೆಯ ಎತ್ತರದ ಜಾಗಗಳಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು ಮತ್ತು ಅದು ಪುಡಿಯಾಗಿ ಆದ ಗರಸು ಇರುತ್ತದೆ. ಇಲ್ಲಿ ನೀರು ಬೇಗ ಇಂಗುವುದರಿಂದ ಮಳೆ ನಿಂತ ಕೆಲವೇ ದಿನಗಳಲ್ಲಿ ದಾರಿ ಒಣಗುತ್ತದೆ, ಆದರೆ ಇಳಿಜಾರಿನಲ್ಲಿ ಗುಂಡುಗುಂಡಾದ ಕಲ್ಲಿನ ಹರಳುಗಳು ಕಾಲಡಿಯಲ್ಲಿ ಉರುಳುತ್ತವೆ. ಅಲ್ಲಿ ಬಿದ್ದು ಅಂಗೈ ತರಚಿಕೊಂಡವರನ್ನು ಹಲವು ಸಲ ನೋಡಿದ್ದೇನೆ. ತಗ್ಗಿನಲ್ಲಿ, ಹಳ್ಳದ ಬದಿಯಲ್ಲಿ ಇರುವುದು ಕರಿ ಎರೆಮಣ್ಣು. ಇದು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಂದು ಗೇಣು ಕೆಳಗೆ ಇನ್ನೂ ಹಸಿಯಾಗಿರುತ್ತದೆ, ಆದ್ದರಿಂದ ನಂಬಿ ಕಾಲಿಟ್ಟವರ ಬೂಟು ಅರ್ಧ ಹೂತುಹೋಗುತ್ತದೆ. ಮೂರನೆಯದು ಹಳ್ಳದ ಬಂಡೆಗಳು. ನೀರು ಇಳಿದ ಮೇಲೆ ಅವುಗಳ ಮೇಲೆ ತೆಳುವಾದ ಪಾಚಿ ಉಳಿದಿರುತ್ತದೆ, ಬೆಳಗಿನ ಇಬ್ಬನಿಗೆ ಅದು ಮತ್ತೆ ಜಾರುತ್ತದೆ.

ಇವುಗಳ ಜೊತೆಗೆ ಹುಲ್ಲಿನ ಮಾತನ್ನೂ ಹೇಳಬೇಕು. ಈ ಕಾಲದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ದಾರಿಯ ಅಂಚನ್ನೂ ಮಳೆಗಾಲದಲ್ಲಿ ಬಿದ್ದ ಕೊರಕಲುಗಳನ್ನೂ ಮುಚ್ಚಿರುತ್ತದೆ. ಅದರಲ್ಲಿ ಊಬು ಇರುವ ಹುಲ್ಲಿನ ಬೀಜಗಳು ಕಾಲುಚೀಲಕ್ಕೆ ಚುಚ್ಚಿಕೊಂಡು ಒಳಗೆ ಸರಿಯುತ್ತಾ ಹೋಗುತ್ತವೆ. ಅಂಥದೊಂದು ಬೀಜವನ್ನು ಕಿತ್ತು ಒದ್ದೆ ಅಂಗೈಯ ಮೇಲಿಟ್ಟು ನೋಡಿ: ಹುರಿಗೊಂಡ ಬಾಲ ತೇವ ಹೀರಿ ನಿಧಾನವಾಗಿ ತಿರುಗತೊಡಗುತ್ತದೆ, ಚೂಪಾದ ತುದಿ ಸ್ಕ್ರೂ ತಿರುಗಿದಂತೆ ಮುಂದೆ ಸಾಗುತ್ತದೆ. ಬೀಜ ತನ್ನನ್ನು ತಾನೇ ಮಣ್ಣಿನಲ್ಲಿ ಬಿತ್ತಿಕೊಳ್ಳುವ ಬಗೆ ಇದು. ಮೊಣಕಾಲಿನವರೆಗೆ ದಪ್ಪ ಬಟ್ಟೆ ಸುತ್ತಿಕೊಂಡರೆ ನಡೆಯುವವರಿಗೆ ತೊಂದರೆ ಇಲ್ಲ.

ಯಾವ ಹೊತ್ತಿಗೆ ಹೊರಡಬೇಕು, ಯಾವ ಹೊತ್ತಿಗೆ ಹಿಂತಿರುಗಬೇಕು?

ನವೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ನಂತರ, ಮುಳುಗುವುದು ಐದೂಮುಕ್ಕಾಲರ ಹೊತ್ತಿಗೆ. ಕಣಿವೆಯಲ್ಲಿ ಅದಕ್ಕೂ ಅರ್ಧ ಗಂಟೆ ಮೊದಲೇ ಮಬ್ಬಾಗುತ್ತದೆ. ಬೆಳಗ್ಗೆ ಏಳೂವರೆಗೆ ನಡೆಯಲು ಆರಂಭಿಸಿ ನಾಲ್ಕು ಗಂಟೆಯೊಳಗೆ ಕಾಡಿನಿಂದ ಹೊರಗೆ ಬರುವುದು ಒಳ್ಳೆಯದು.

ನಡೆಯಲು ಅನುಮತಿ ಬೇಕೆ? ಇದು ಎಲ್ಲರೂ ಓಡಾಡುವ ಜಾಗವಲ್ಲವೆ?

ಅನುಮತಿ ಬೇಕು. ಚಿಂಚೋಳಿ ಕಾಡಿನ ಸುಮಾರು 134 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಹೋಗಬಹುದಾದವರು ಕೆಲವರು ಮಾತ್ರ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಆಸ್ತಿಯ ಹಕ್ಕು ಇರುವವರು ಮತ್ತು ಅವರ ಅವಲಂಬಿತರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು. ಚಂದ್ರಂಪಳ್ಳಿ ಜಲಾಶಯದವರೆಗೆ ರಸ್ತೆ ಇರುವುದರಿಂದ ಅಲ್ಲಿಂದ ಮುಂದೆಯೂ ಎಲ್ಲವೂ ತೆರೆದಿದೆ ಎಂದು ಜನರು ಭಾವಿಸುತ್ತಾರೆ. ರಸ್ತೆಯಿಂದ ಕಾಡಿನೊಳಕ್ಕೆ ಇಳಿದ ಕ್ಷಣದಿಂದ ನಿಯಮ ಬೇರೆ. ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ, ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಅಲ್ಲಿಯ ಸಿಬ್ಬಂದಿಯಿಂದಲೇ ತಿಳಿದುಕೊಳ್ಳಬೇಕು. ಅವರು ಇಂದು ಬೇಡ ಎಂದರೆ ಅದಕ್ಕೆ ಕಾರಣವಿರುತ್ತದೆ.

ಅಕಾಲಿಕ ಮಳೆ ಬಂದರೆ ಎಷ್ಟು ದಿನ ಕಾಯಬೇಕು?

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಅಕ್ಟೋಬರ್ ಕೊನೆಯಲ್ಲಿಯೂ ನವೆಂಬರಿನಲ್ಲಿಯೂ ನಮ್ಮ ಭಾಗದಲ್ಲಿ ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿಯುವುದುಂಟು. ಕ್ಯಾಲೆಂಡರ್ ನೋಡಿ ಇಷ್ಟೇ ದಿನ ಎಂದು ಹೇಳಲು ಬರುವುದಿಲ್ಲ, ಮಣ್ಣನ್ನೇ ಕೇಳಬೇಕು. ದಾರಿಯ ಆರಂಭದಲ್ಲಿ ನಾಲ್ಕು ಬೆರಳಿನಷ್ಟು ಆಳದಿಂದ ಒಂದು ಹಿಡಿ ಎರೆಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ. ಹೆಬ್ಬೆರಳಿನಿಂದ ಒತ್ತಿದಾಗ ಉಂಡೆ ಒಡೆಯದೆ ಚಪ್ಪಟೆಯಾಗಿ, ಬೆರಳ ಗುರುತು ಮಿರುಗುತ್ತಿದ್ದರೆ ಆ ದಾರಿಯಲ್ಲಿ ಅಂದು ನಡೆಯಬೇಡಿ. ಉಂಡೆ ಬಿರಿದು ಕಾಳುಕಾಳಾಗಿ ಉದುರಿದರೆ ನೆಲ ನಿಮ್ಮ ಭಾರವನ್ನು ತಾಳಬಲ್ಲದು. ಹೊಲ ಹದಕ್ಕೆ ಬಂದಿದೆಯೇ ಎಂದು ರೈತರು ಬಿತ್ತನೆಗೆ ಮುನ್ನ ನೋಡುವುದೂ ಹೀಗೆಯೇ.

ನನ್ನ ಅನುಭವದಲ್ಲಿ ಗರಸು ದಾರಿಗಳು ಎರಡು ದಿನದ ಬಿಸಿಲಿಗೆ ಸರಿಹೋಗುತ್ತವೆ, ಎರೆ ದಾರಿಗಳಿಗೆ ವಾರದ ಮೇಲೆಯೇ ಬೇಕು. ಆದ್ದರಿಂದ ಮಳೆಯ ನಂತರ ಬರಲೇಬೇಕೆನಿಸಿದರೆ ಎತ್ತರದ ಕೆಂಪು ನೆಲದ ದಾರಿಯನ್ನು ಆರಿಸಿಕೊಳ್ಳಿ.

ಕೆಸರನ್ನು ತಪ್ಪಿಸಿ ಪಕ್ಕದ ಹುಲ್ಲಿನ ಮೇಲೆ ನಡೆದರೆ ಏನು ತಪ್ಪು?

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇದೇ ಅಭ್ಯಾಸ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಸಿ ಎರೆಮಣ್ಣಿನ ಮೇಲೆ ಕಾಲಿಟ್ಟಾಗ ಮಣ್ಣಿನ ಕಣಗಳ ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಅದು ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗಿ, ಮುಂದಿನ ಮಳೆಯ ನೀರು ಅಲ್ಲಿ ಇಂಗದೆ ಮೇಲೆಯೇ ಹರಿಯುತ್ತದೆ. ಒಬ್ಬರು ಕೆಸರು ತಪ್ಪಿಸಲು ಪಕ್ಕಕ್ಕೆ ಸರಿದರೆ ಹಿಂದೆ ಬರುವವರು ಅದೇ ಜಾಡನ್ನು ಹಿಡಿಯುತ್ತಾರೆ, ಅದೂ ಕೆಸರಾದಾಗ ಮತ್ತೊಬ್ಬರು ಇನ್ನೂ ಪಕ್ಕಕ್ಕೆ ಹೋಗುತ್ತಾರೆ, ಹೀಗೆ ಒಂದು ಮೊಳ ಅಗಲದ ಕಾಲುದಾರಿ ಎರಡು ಮೂರು ವರ್ಷಗಳಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲವಾಗುತ್ತದೆ. ಅಷ್ಟು ಅಗಲದ ಬರಿದಾದ ನೆಲದ ಮೇಲೆ ಜೂನ್ ತಿಂಗಳ ಮೊದಲ ಬಿರುಮಳೆ ಬಿದ್ದಾಗ ನೀರೆಲ್ಲ ಒಂದೇ ಗೆರೆಯಲ್ಲಿ ಇಳಿದು ಕೊರಕಲು ಬೀಳುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 800 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ, ಅದೂ ಕೆಲವೇ ಜೋರು ಮಳೆಗಳಲ್ಲಿ ಬೀಳುತ್ತದೆ. ಆ ನೀರನ್ನು ತಡೆದು ನಿಲ್ಲಿಸುವುದು ಹುಲ್ಲಿನ ಬೇರು ಮಾತ್ರ. ಜಲಾಶಯದ ಮೇಲ್ಭಾಗದ ಒಂದು ಇಳಿಜಾರಿನಲ್ಲಿ ಅಡ್ಡದಾರಿಯಾಗಿ ಶುರುವಾದ ಜಾಡೊಂದು ಇಂದು ನನ್ನ ಮೊಣಕಾಲಿನಷ್ಟು ಆಳದ ಕೊರಕಲಾಗಿದೆ. ಅದರ ಅಂಚಿನಲ್ಲಿ ಮುತ್ತುಗದ ಗಿಡವೊಂದರ ಬೇರುಗಳು ಮಣ್ಣಿಲ್ಲದೆ ಗಾಳಿಯಲ್ಲಿ ತೂಗುತ್ತಿವೆ. ಅಲ್ಲಿಂದ ಕೊಚ್ಚಿಹೋದ ಮಣ್ಣು ಕೆಳಗಿನ ಹಳ್ಳ ಸೇರಿ ಕೊನೆಗೆ ಕೆರೆ, ಜಲಾಶಯಗಳ ತಳದಲ್ಲಿ ಹೂಳಾಗಿ ಕೂರುತ್ತದೆ.

ಆದ್ದರಿಂದ ಕೆಸರು ಸ್ವಲ್ಪವೇ ಇದ್ದರೆ ಅದರ ನಡುವೆಯೇ ನಡೆಯಿರಿ, ಬೂಟನ್ನು ಮನೆಯಲ್ಲಿ ತೊಳೆಯಬಹುದು. ಕೆಸರು ಹೆಚ್ಚಿದ್ದರೆ ಹಿಂತಿರುಗಿ.

ಬೈಕ್ ಅಥವಾ ಜೀಪಿನಲ್ಲಿ ಕಾಡುದಾರಿಯಲ್ಲಿ ಹೋಗಬಹುದೆ?

ಹೋಗಬಾರದು. ಮನುಷ್ಯನ ಕಾಲು ಬಿಡಿಬಿಡಿ ಗುರುತು ಮೂಡಿಸಿದರೆ ಗಾಲಿ ಕಡಿಯದ ಗೆರೆ ಎಳೆಯುತ್ತದೆ, ಕಡಿಯದ ಗೆರೆ ಎಂದರೆ ನೀರಿಗೆ ಸಿದ್ಧವಾದ ಕಾಲುವೆ. ಕೆಲವು ವರ್ಷಗಳ ಹಿಂದೆ ನವೆಂಬರ್ ಮಳೆಯ ಮರುದಿನ ಒಂದು ತಂಡ ಹುಲ್ಲುಗಾವಲಿನ ಮೇಲೆ ಜೀಪು ಓಡಿಸಿತ್ತು. ಮುಂದಿನ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋದಾಗ ಎರಡು ಗೆರೆಗಳೂ ಹಾಗೆಯೇ ಇದ್ದವು, ಅವುಗಳಲ್ಲಿ ಹುಲ್ಲಿನ ಬದಲು ಕಾಂಗ್ರೆಸ್ ಗಿಡ ಬೆಳೆದಿತ್ತು. ಅದನ್ನು ನೋಡಿ ನನಗೆ ತುಂಬಾ ನೋವಾಯಿತು.

ಎತ್ತಿಪೋತ ಜಲಪಾತದಲ್ಲಿ ಈಗ ನೀರು ಇರುತ್ತದೆಯೆ?

ಮಳೆ ಚೆನ್ನಾಗಿ ಆದ ವರ್ಷ ನವೆಂಬರ್‌ವರೆಗೂ ಒಂದಿಷ್ಟು ಹರಿವು ಉಳಿಯುತ್ತದೆ, ನಂತರ ಬೇಗ ಕ್ಷೀಣಿಸುತ್ತದೆ. ತುಂಬಿ ಸುರಿಯುವ ನೀರನ್ನು ನೋಡಬೇಕೆನ್ನುವವರು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರಬೇಕು. ನೀರು ಕಡಿಮೆಯಾದಾಗಲೇ ಜನ ಧೈರ್ಯದಿಂದ ಬಂಡೆಗಳ ಮೇಲೆ ಹತ್ತುವುದರಿಂದ ಜಾರಿ ಬೀಳುವ ಅಪಾಯ ಈ ಕಾಲದಲ್ಲಿಯೂ ಕಡಿಮೆಯಿಲ್ಲ. ಮಡುವಿಗೆ ಇಳಿಯಬೇಡಿ.

ಹಾವುಗಳ ಭಯ ಚಳಿಗಾಲದಲ್ಲಿ ಕಡಿಮೆಯಲ್ಲವೆ?

ಪೂರ್ತಿ ಕಡಿಮೆಯಾಗುವುದಿಲ್ಲ. ನಮ್ಮ ಚಳಿ ಹಾವುಗಳು ತಿಂಗಳುಗಟ್ಟಲೆ ಬಿಲ ಸೇರುವಷ್ಟು ತೀವ್ರವಲ್ಲ. ರಾತ್ರಿಯ ತಂಪಿಗೆ ಮೈ ಸೆಟೆದ ಹಾವುಗಳು ಬೆಳಗ್ಗೆ ಬಿಸಿಲು ಬೀಳುವ ಬಂಡೆಯ ಮೇಲೆ, ಎಷ್ಟೋ ಸಲ ಕಾಲುದಾರಿಯ ಮೇಲೆಯೇ ಮಲಗಿರುತ್ತವೆ, ಮತ್ತು ಹೆಜ್ಜೆ ಸಪ್ಪಳಕ್ಕೆ ಬೇಸಿಗೆಯಷ್ಟು ಚುರುಕಾಗಿ ಸರಿದುಹೋಗುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ವಿಷಕಾರಿ. ಗರಗಸಮಂಡಲ ಗೇಣುದ್ದ ಚಿಕ್ಕದಿದ್ದಾಗ ಗರಸಿನ ಬಣ್ಣದಲ್ಲಿ ಬೆರೆತುಹೋಗುವುದರಿಂದ ಕಲ್ಲುಗಳನ್ನು ಬರಿಗೈಯಿಂದ ಎತ್ತಬಾರದು.

ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಕೋಲಿಗೆ ಆನಿಸಿ, ಉಂಗುರ ಕಡಗಗಳನ್ನು ತೆಗೆದು, ರೋಗಿಯನ್ನು ನಡೆಸದೆ ಎತ್ತಿಕೊಂಡು ರಸ್ತೆಗೆ ತಂದು 108ಕ್ಕೆ ಕರೆ ಮಾಡಬೇಕು. ಮದ್ದು ಇರುವುದು ಆಸ್ಪತ್ರೆಯಲ್ಲಿ ಮಾತ್ರ. ಕಾಡಿನೊಳಗೆ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗದಿರುವುದರಿಂದ ಒಬ್ಬರೇ ಹೋಗಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಮರಗಳಿಲ್ಲದ ಬಯಲು ಜಾಗಗಳು ಬಂಜರಲ್ಲವೆ? ಅಲ್ಲಿ ಗಿಡ ನೆಟ್ಟರೆ ಒಳ್ಳೆಯದಲ್ಲವೆ?

ಒಳ್ಳೆಯ ಮನಸ್ಸಿನಿಂದಲೇ ಈ ಪ್ರಶ್ನೆ ಬರುತ್ತದೆ, ಆದರೂ ಉತ್ತರ ಅಲ್ಲ ಎಂಬುದೇ ಆಗಿದೆ. ನಮ್ಮ ಭಾಗದ ಕಾಡೆಂದರೆ ಒತ್ತಾದ ಮರಗಳ ಮಲೆನಾಡಲ್ಲ. ದಿಂಡಿಗ, ಮುತ್ತುಗ, ಕಕ್ಕೆ, ತೂಪರದಂತಹ ಎಲೆ ಉದುರುವ ಮರಗಳು, ನಡುನಡುವೆ ಕುರುಚಲು, ಮತ್ತೆ ಹುಲ್ಲಿನ ಬಯಲು, ಇವೆಲ್ಲ ಸೇರಿದ್ದೇ ಇಲ್ಲಿಯ ಕಾಡು. ಕೃಷ್ಣಮೃಗ ಬದುಕುವುದು ದೂರದವರೆಗೆ ಕಣ್ಣು ಹಾಯುವ ಬಯಲಿನಲ್ಲಿ, ಏಕೆಂದರೆ ಅದರ ರಕ್ಷಣೆ ಇರುವುದು ಓಟದಲ್ಲಿ. ತೋಳ, ನರಿ, ಕತ್ತೆಕಿರುಬ, ಗೌಜುಗ ಎಲ್ಲವೂ ಇದೇ ನೆಲವನ್ನು ನೆಚ್ಚಿಕೊಂಡಿವೆ. ಬೀದರ್ ಸುತ್ತಲಿನ ಬಯಲುಗಳಲ್ಲಿ ಕೃಷ್ಣಮೃಗದ ಹಿಂಡುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ದೂರದ ಉತ್ತರದಿಂದ ವಲಸೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಮರದ ಮೇಲೆ ಮಲಗದೆ, ಸಂಜೆ ಗುಂಪಾಗಿ ಹುಲ್ಲಿನ ನಡುವೆ ನೆಲದ ಮೇಲೆಯೇ ಇಳಿದು ರಾತ್ರಿ ಕಳೆಯುತ್ತವೆ. ತೋಳಗಳು ಮರಿ ಹಾಕುವುದೂ ಚಳಿಗಾಲದಲ್ಲಿಯೇ. ಆದ್ದರಿಂದ ಮುಸ್ಸಂಜೆಯಲ್ಲಿ ಬಯಲಿನ ಒಳಗೆ ಹೊಗಬೇಡಿ, ಹಳ್ಳದ ದಂಡೆಯಲ್ಲಿ ಹೊಸದಾಗಿ ತೋಡಿದ ಬಿಲ ಕಂಡರೆ ಹತ್ತಿರ ಹೋಗದೆ ಸದ್ದಿಲ್ಲದೆ ಹಿಂದೆ ಸರಿಯಿರಿ.

ಗಿಡ ನೆಡುವ ಆಸೆ ಇರುವವರು ಊರ ಬದಿಯ ಗಾಯರಾಣದಲ್ಲಿ, ಕೆರೆ ಏರಿಯ ಕೆಳಗೆ, ಹೊಲದ ಬದುವಿನಲ್ಲಿ ಬೇವು, ಹೊಂಗೆ, ಹುಣಸೆ ನೆಡಬಹುದು. ಕಾಡಿನೊಳಗೆ ಕೆಲಸ ಮಾಡಬೇಕೆಂದರೆ ಅರಣ್ಯ ಸಿಬ್ಬಂದಿಯನ್ನು ಕೇಳಿ ಲಂಟಾನ ಕೀಳುವ ಕೆಲಸಕ್ಕೆ ಸೇರಿಕೊಳ್ಳಿ. ಮಣ್ಣು ಇನ್ನೂ ಮೆತ್ತಗಿರುವ ನವೆಂಬರ್‌ನಲ್ಲಿ ಅದು ಬೇರುಸಹಿತ ಬರುತ್ತದೆ, ಜನವರಿಯ ನಂತರ ಬುಡದಲ್ಲೇ ಮುರಿದು ಮತ್ತೆ ಚಿಗುರುತ್ತದೆ.

ತಾಂಡಾದ ಜನರು ದನ ಮೇಯಿಸುತ್ತಾರೆ, ಕಟ್ಟಿಗೆ ತರುತ್ತಾರೆ. ಕಾಡು ಹಾಳಾಗುವುದು ಅವರಿಂದಲ್ಲವೆ?

ನಗರದಿಂದ ವಾರಕ್ಕೊಮ್ಮೆ ಬರುವ ನಾವು ಹೀಗೆ ತೀರ್ಪು ಕೊಡುವುದು ನ್ಯಾಯವಲ್ಲ. ಈ ಕಾಡಿನ ಒಳಗೂ ಅಂಚಿನಲ್ಲೂ ಇರುವ ಲಂಬಾಣಿ ತಾಂಡಾಗಳ ಜನ ವನ್ಯಜೀವಿಧಾಮದ ಘೋಷಣೆಗೆ ಎಷ್ಟೋ ಮೊದಲಿನಿಂದ ಇಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನ ಮತ್ತು ಮೇವಿನ ಹಕ್ಕುಗಳನ್ನು ಮಾನ್ಯ ಮಾಡಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿ ಸಮುದಾಯ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವುದರಿಂದ ಈ ಷರತ್ತು ಅವರಿಗೆ ಅನ್ವಯಿಸುತ್ತದೆ, ಕಾಗದಪತ್ರ ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲದ ಮನೆಗಳಿಗೆ ಅದು ಬಹಳ ಕಷ್ಟದ ಮಾತು.

ಅತಿಯಾದ ಮೇಯಿಸುವಿಕೆಯಿಂದ ಹಾನಿಯಿಲ್ಲವೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಚಿಗುರನ್ನು ಮೇಯಲು ಬಿಡದೆ, ಬೀಜ ಉದುರಿದ ಮೇಲೆ ಹುಲ್ಲನ್ನು ಕೊಯ್ದು ಒಯ್ಯುವ ಪದ್ಧತಿ ಇರುವ ಕಡೆ ನೆಲ ಉಳಿದಿದೆ. ಕರ್ನಾಟಕದಲ್ಲಿ 1993ರಿಂದ ಇರುವ ಗ್ರಾಮ ಅರಣ್ಯ ಸಮಿತಿಗಳು ಇಂಥ ಏರ್ಪಾಟಿಗೆ ಸರಿಯಾದ ಜಾಗ. ದಾರಿಯಲ್ಲಿ ಸಿಗುವ ದನಗಾಹಿಗಳಿಗೆ ನಮಸ್ಕಾರ ಹೇಳಿ, ಮುಂದಿನ ಹಳ್ಳದಲ್ಲಿ ಕೆಸರು ಎಷ್ಟಿದೆ ಎಂದು ಕೇಳಿ. ಅವರಿಗಿಂತ ಸರಿಯಾದ ಸುದ್ದಿ ಯಾರಲ್ಲೂ ಸಿಗದು.

ಬೀದರ್‌ನ ಕೆಂಪು ನೆಲಕ್ಕೂ ಈ ಎಲ್ಲ ಮಾತು ಅನ್ವಯಿಸುತ್ತದೆಯೆ?

ಅನ್ವಯಿಸುತ್ತದೆ, ಅಲ್ಲಿ ಕಾರಣ ಇನ್ನೂ ದೊಡ್ಡದು. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ರಂಧ್ರಗಳಿರುವ ಜಂಬಿಟ್ಟಿಗೆ, ಅದರ ಕೆಳಗೆ ನೀರು ಸುಲಭವಾಗಿ ಇಳಿಯದ ಕಪ್ಪು ಬಸಾಲ್ಟ್ ಶಿಲೆ. ಮೇಲೆ ಬಿದ್ದ ಮಳೆ ಕೆಂಪು ಕಲ್ಲಿನೊಳಗೆ ಇಂಗಿ, ಎರಡು ಶಿಲೆಗಳು ಕೂಡುವ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ ಎಲ್ಲವೂ ಈ ನೀರನ್ನೇ ನೆಚ್ಚಿಕೊಂಡ ಪುಣ್ಯಸ್ಥಳಗಳು. ಬಹಮನಿಯರ ಕಾಲದಲ್ಲಿ ನೌಬಾದ್ ಬಳಿ ನೆಲದಡಿಯಲ್ಲಿ ಕೊರೆದ ಸುರಂಗ ಬಾವಿಯೂ ಇದೇ ನೀರನ್ನು ಊರಿಗೆ ತರಲೆಂದು ಆದದ್ದು. ಪ್ರಸ್ಥಭೂಮಿಯ ಮೇಲಿನ ಕುರುಚಲು ಕಾಡನ್ನು ತುಳಿದು ಗಟ್ಟಿ ಮಾಡಿದರೆ, ಅಥವಾ ಕಲ್ಲು ಗಣಿಗೆ ಅಗೆದರೆ, ಕೆಳಗಿನ ಝರಿ ಬೇಸಿಗೆಗೆ ಮುಂಚೆಯೇ ಬತ್ತುತ್ತದೆ.

ಕಾಡಿನಲ್ಲಿ ಒಲೆ ಹಚ್ಚಿ ಅಡುಗೆ ಮಾಡಬಹುದೆ? ಎಳ್ಳ ಅಮಾವಾಸ್ಯೆಗೆ ಬರುವವರು ಏನು ಮಾಡಬೇಕು?

ಬೆಂಕಿ ಬೇಡವೇ ಬೇಡ. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದೂ ಅಪರಾಧ. ಡಿಸೆಂಬರ್ ಹೊತ್ತಿಗೆ ಹುಲ್ಲಿನ ತುದಿ ಒಣಗಿ ಬುಡ ಹಸಿರಾಗಿಯೇ ಇರುವುದರಿಂದ ಇನ್ನೂ ಬೆಂಕಿ ಹತ್ತುವ ಕಾಲವಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಮಧ್ಯಾಹ್ನದ ಒಣಗಾಳಿಗೆ ಒಂದು ಬೀಡಿಯ ಕಿಡಿ ಸಾಕು. ಹುಲ್ಲು ಸುಟ್ಟ ಇಳಿಜಾರು ಮುಂದಿನ ಮಳೆಯವರೆಗೆ ಬರಿದಾಗಿ ಉಳಿಯುತ್ತದೆ, ಮಣ್ಣು ಮೊದಲು ಕೊಚ್ಚಿಹೋಗುವುದೂ ಅಲ್ಲಿಂದಲೇ.

ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ ಉಂಡು ಬರುವುದು ನಮ್ಮ ಭಾಗದ ದೊಡ್ಡ ಹಬ್ಬ. ಕಾಡಂಚಿನ ಹೊಲಗಳಿಗೆ ಬಂದ ಬಂಧುಗಳು ಊಟದ ನಂತರ ಕಾಡಿನ ಕಡೆ ಒಂದು ಸುತ್ತು ಹೋಗಿಬರುವುದು ಸಹಜ. ಅಡುಗೆ ಮನೆಯಿಂದಲೇ ಬರುವ ಹಬ್ಬವಾದ್ದರಿಂದ ಒಲೆಯ ಅಗತ್ಯವೇ ಇಲ್ಲ. ಹಿಂದೆ ಮುತ್ತುಗದ ಎಲೆಯಲ್ಲಿ ಉಂಡು ಎದ್ದರೆ ಏನೂ ಉಳಿಯುತ್ತಿರಲಿಲ್ಲ, ಈಗ ಪ್ಲಾಸ್ಟಿಕ್ ಲೇಪದ ತಟ್ಟೆ ಲೋಟಗಳು ವರ್ಷವಿಡೀ ಬೇಲಿಗೆ ಸಿಕ್ಕಿಕೊಂಡಿರುತ್ತವೆ. ಅವನ್ನು ಚೀಲದಲ್ಲಿ ಕಟ್ಟಿಕೊಂಡು ಮರಳಿ ಒಯ್ಯಿರಿ.

ಏನೇನು ತರಬೇಕು?

ಪ್ರತಿಯೊಬ್ಬರಿಗೂ ಎರಡು ಲೀಟರ್ ನೀರು, ಹಿಡಿತ ಚೆನ್ನಾಗಿರುವ ಬೂಟು, ಬೆಳಗಿನ ಚಳಿಗೆ ಒಂದು ಸ್ವೆಟರ್, ಟಾರ್ಚ್, ಕೈಗೋಲು. ಹೊರಡುವ ಮೊದಲು ಬೂಟಿನ ತಳವನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಕಾಂಗ್ರೆಸ್ ಗಿಡದ ಬೀಜ ಊರಿನಿಂದ ಕಾಡಿಗೆ ಹೋಗುವುದು ಬಹುಮಟ್ಟಿಗೆ ನಮ್ಮ ಮತ್ತು ದನಗಳ ಕಾಲಿನ ಮಣ್ಣಿನಲ್ಲಿಯೇ. ಸ್ಪೀಕರ್ ತರಬೇಡಿ. ನಾಯಿಯನ್ನೂ ಕರೆತರಬೇಡಿ.

ದಾರಿಯಲ್ಲಿ ಬೆಂಕಿ, ಮರ ಕಡಿತ, ಉರುಳು ಅಥವಾ ಗಾಯಗೊಂಡ ಪ್ರಾಣಿ ಕಂಡರೆ ಏನು ಮಾಡಬೇಕು?

ನೀವೇ ಮುಂದಾಗಿ ತಡೆಯಲು ಹೋಗಬೇಡಿ. ಇರುವ ಜಾಗವನ್ನು ಮೊಬೈಲ್‌ನಲ್ಲಿ ಗುರುತು ಹಾಕಿಕೊಂಡು, ಒಂದು ಚಿತ್ರ ತೆಗೆದು, ಸಿಗ್ನಲ್ ಸಿಕ್ಕ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ತಿಳಿಸಿ. ಹೊರಗೆ ಬಂದ ಮೇಲೆ ಅರಣ್ಯ ಕಚೇರಿಗೂ ಹೋಗಿ ಹೇಳಿ. ಹೊಸ ಕೊರಕಲು ಬಿದ್ದಿದ್ದರೆ, ದಾರಿಯ ಅಂಚು ಕುಸಿದಿದ್ದರೆ ಅದನ್ನೂ ಇದೇ ರೀತಿ ತಿಳಿಸಬೇಕು. ಚಳಿಗಾಲದಲ್ಲಿ ಗೊತ್ತಾದ ಮೊಣಕಾಲೆತ್ತರದ ಕೊರಕಲಿಗೆ ಕಲ್ಲುಗಳನ್ನು ಅಡ್ಡ ಜೋಡಿಸಿ ತಡೆ ಕಟ್ಟಲು ನಾಲ್ಕು ಜನರ ಒಂದು ದಿನದ ದುಡಿಮೆ ಸಾಕಾಗುತ್ತದೆ, ಅದೇ ಕೊರಕಲು ಒಂದು ಮುಂಗಾರು ಕಳೆದ ಮೇಲೆ ಆ ಕೆಲಸಕ್ಕೆ ಸಿಗುವುದಿಲ್ಲ.